ಆಟದ ಊರು, ನಿಜವಾದ ಮನಸ್ಸು

ಆಟದಲ್ಲಿ ಮಾಡಿದ ತಪ್ಪು ತಪ್ಪೇ? ಮಕ್ಕಳು ಕಂಪ್ಯೂಟರ್ ಮುಂದೆ ಗಂಟೆಗಟ್ಟಲೆ ಕೂರುವ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಏಳುತ್ತದೆ. "ಇದು ಬರೀ ಆಟ ಅಪ್ಪಾ, ಯಾರೂ ನಿಜವಾಗಿ ಸಾಯುವುದಿಲ್ಲ" ಎಂದು ಮಗ ಹೇಳಿದರೆ ತಂದೆಗೆ ಉತ್ತರ ಹೊಳೆಯುವುದಿಲ್ಲ. ಹಾಗೆಂದು ಸಮಾಧಾನವೂ ಆಗುವುದಿಲ್ಲ. ಪ್ರಿಯ ಓದುಗರೇ, ಒಂದು ಪ್ರಸಿದ್ಧ ಆಟವನ್ನೇ ಮುಂದಿಟ್ಟುಕೊಂಡು ಯೋಚಿಸೋಣ.

1997ರಲ್ಲಿ ಅಮೆರಿಕದ ಇಂಟರ್‌ಪ್ಲೇ ಸಂಸ್ಥೆ 'ಫಾಲೌಟ್' ಎಂಬ ಆಟವನ್ನು ಹೊರತಂದಿತು. ಕಥೆಯ ಪ್ರಕಾರ 2077ರ ಅಣುಯುದ್ಧ ಲೋಕವನ್ನು ಸುಟ್ಟುಹಾಕಿದೆ. ನೆಲದಡಿಯ ಆಶ್ರಯತಾಣವೊಂದರಲ್ಲಿ ಕೆಲವರು ತಲೆಮಾರುಗಳಿಂದ ಬದುಕಿದ್ದಾರೆ. ಅಲ್ಲಿ ನೀರು ಶುದ್ಧ ಮಾಡುವ ಯಂತ್ರದ ಭಾಗವೊಂದು ಕೆಡುತ್ತದೆ. 150 ದಿನಗಳೊಳಗೆ ಬೇರೊಂದನ್ನು ತರಲು ಆಟಗಾರ ಹೊರಡಬೇಕು. ದಾರಿಯಲ್ಲಿ ಸಿಕ್ಕವರಿಗೆ ನೆರವಾಗುವುದೋ, ಅವರನ್ನು ದೋಚುವುದೋ ಅವನ ಇಷ್ಟ. ಅವನ ಒಳಿತು ಕೆಡುಕುಗಳನ್ನು ಆಟವು 'ಕರ್ಮ' ಎಂಬ ಹೆಸರಿನಲ್ಲಿ ಅಂಕಿಗಳಲ್ಲಿ ಬರೆದಿಡುತ್ತದೆ.

2008ರಲ್ಲಿ ಬೆಥೆಸ್ಡಾ ಸಂಸ್ಥೆ ತಂದ ಮೂರನೆಯ ಆಟದಲ್ಲಿ, ಸಿಡಿಯದೆ ಉಳಿದ ಅಣುಬಾಂಬಿನ ಸುತ್ತಲೇ ಕಟ್ಟಿಕೊಂಡ ಊರೊಂದಿದೆ. ದೂರದ ಗೋಪುರದ ಶ್ರೀಮಂತನೊಬ್ಬನಿಗೆ ಆ ಊರು ಕಣ್ಣಿಗೆ ಚುಚ್ಚುತ್ತದೆ. ಆಟಗಾರ ಬಾಂಬನ್ನು ನಿಷ್ಕ್ರಿಯಗೊಳಿಸಬಹುದು. ಇಲ್ಲವೇ ಹಣಕ್ಕೂ ಸುಖದ ವಸತಿಗೂ ಒಪ್ಪಿ, ಗೋಪುರದ ಮೇಲೆ ನಿಂತು ಗುಂಡಿ ಒತ್ತಿ ಇಡೀ ಊರನ್ನು ಬೂದಿ ಮಾಡಬಹುದು. ಜಪಾನಿನಲ್ಲಿ ಮಾರಿದ ಪ್ರತಿಯಲ್ಲಿ ಈ ಎರಡನೆಯ ದಾರಿಯನ್ನು ತೆಗೆದುಹಾಕಿದರು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಿದ್ದ ಬಾಂಬಿನಿಂದ ಆ ವರ್ಷದ ಕೊನೆಯೊಳಗೆ ಸುಮಾರು 1,40,000 ಮಂದಿ ಸತ್ತರೆಂದು ಅಂದಾಜು. ಅದನ್ನು ಕಂಡ ನಾಡಿಗೆ ಇದು 'ಬರೀ ಆಟ' ಆಗುವುದು ಹೇಗೆ?

ಆದರೂ ಮಗನ ಮಾತಿನಲ್ಲಿ ಸತ್ಯವಿದೆ. ತೆರೆಯ ಮೇಲೆ ಸತ್ತವರಿಗೆ ಜೀವವೇ ಇರಲಿಲ್ಲ. ನಾಟಕದಲ್ಲಿ ಕೊಲೆಗಾರನ ಪಾತ್ರ ಮಾಡಿದವನನ್ನು ಯಾರೂ ಕೊಲೆಗಾರನೆನ್ನುವುದಿಲ್ಲ. ಹೀಗಿರುವಾಗ ಆಟವಾಡಿದ ಹುಡುಗನನ್ನು ಪಾಪಿಯೆಂದು ಹೆದರಿಸುವುದು ನ್ಯಾಯವಲ್ಲ.

ಆದರೆ ಊರು ಸುಳ್ಳಾದರೂ ಆರಿಸಿಕೊಂಡ ಮನಸ್ಸು ಸುಳ್ಳಲ್ಲ. ತಾರುಣ್ಯದಲ್ಲಿ ನಾಟಕದ ಹುಚ್ಚು ಹಿಡಿಸಿಕೊಂಡಿದ್ದ ಸಂತ ಆಗಸ್ಟೀನರು, ರಂಗದ ಮೇಲಿನ ದುಃಖಕ್ಕೆ ಅತ್ತು ಸುಖಿಸುವ ಮನಸ್ಸು ಎಂಥದೆಂದು ಮುಂದೆ ತಮ್ಮನ್ನೇ ಕೇಳಿಕೊಂಡರು. ಕಥೆ ಕಲ್ಪನೆಯಾದರೂ ಅದರಲ್ಲಿ ಸವಿದ ರುಚಿ ನಮ್ಮದೇ. ಏನಾಗುವುದೋ ನೋಡೋಣವೆಂದು ಗುಂಡಿ ಒತ್ತಿ ಬೆಚ್ಚಿಬೀಳುವುದು ಬೇರೆ. ಜನರ ಸಾವನ್ನು ಚಪ್ಪರಿಸಿ ಮತ್ತೆ ಮತ್ತೆ ಒತ್ತುವುದು ಬೇರೆ. ಮೊದಲನೆಯದು ಪಾಠವಾಗಬಹುದು. ಎರಡನೆಯದು ಅಭ್ಯಾಸವಾಗುತ್ತದೆ, ಅಭ್ಯಾಸವೇ ಸ್ವಭಾವವಾಗುತ್ತದೆ.

ಇಂಥ ಆಟದಲ್ಲಿ ಎರಡು ಸುಳ್ಳುಗಳೂ ಇವೆ. ಮೊದಲನೆಯದು, ಉಳಿಸಿಟ್ಟ ಹಂತಕ್ಕೆ ಹಿಂದಿರುಗಿ ಮಾಡಿದ್ದನ್ನು ಅಳಿಸಿಬಿಡಬಹುದೆಂಬುದು. ಬದುಕಿನಲ್ಲಿ ಆಡಿದ ಒಂದು ಕೆಟ್ಟ ಮಾತನ್ನೂ ಹಾಗೆ ಅಳಿಸಲಾಗದು. ಎರಡನೆಯದು ಕರ್ಮದ ಲೆಕ್ಕ. ಆ ಮೂರನೆಯ ಆಟದಲ್ಲಿ ಕೆಡುಕು ಮಾಡಿದವನು ಊರ ಹೊರಗಿನ ಭಿಕ್ಷುಕನಿಗೆ ಮತ್ತೆ ಮತ್ತೆ ಶುದ್ಧ ನೀರು ಕೊಟ್ಟು ಅಂಕ ಏರಿಸಿಕೊಳ್ಳಬಹುದು. ಆತ್ಮಸಾಕ್ಷಿ ಅಂಗಡಿಯ ಖಾತೆಪುಸ್ತಕವಲ್ಲ. ಕದ್ದವನು ದಾನ ಮಾಡಿದ ಮಾತ್ರಕ್ಕೆ ಕಳೆದುಕೊಂಡವನ ನಷ್ಟ ತುಂಬುವುದಿಲ್ಲ. ಪಶ್ಚಾತ್ತಾಪವೂ ಬೇಕು, ಕದ್ದದ್ದನ್ನು ಹಿಂದಿರುಗಿಸುವುದೂ ಬೇಕು.

ವಿಚಿತ್ರವೆಂದರೆ, ಮೊದಲ ಆಟವೇ ತನ್ನ ಕೊನೆಯಲ್ಲಿ ಈ ಲೆಕ್ಕವನ್ನು ಮುರಿಯುತ್ತದೆ. ನೀರಿನ ಕೊರತೆ ನೀಗಿಸಿ, ಶತ್ರುವನ್ನೂ ಸೋಲಿಸಿ ಬಂದವನನ್ನು ಆಶ್ರಯತಾಣದ ಮುಖ್ಯಸ್ಥ ಬಾಗಿಲಲ್ಲೇ ತಡೆಯುತ್ತಾನೆ. ಇವನನ್ನು ನೋಡಿ ಉಳಿದವರೂ ಹೊರಗೆ ಹೊರಟಾರೆಂಬ ಭಯ ಅವನದು. ಎಲ್ಲರನ್ನೂ ಉಳಿಸಿದವನು ಒಬ್ಬಂಟಿಯಾಗಿ ಮರಳುಗಾಡಿಗೆ ನಡೆಯುತ್ತಾನೆ. ಅಂಕಕ್ಕಾಗಿ, ಹೊಗಳಿಕೆಗಾಗಿ ಒಳಿತು ಮಾಡಿದ್ದರೆ ಅವನು ಎಲ್ಲವನ್ನೂ ಕಳೆದುಕೊಂಡ. ಬಾಯಾರಿದವರಿಗಾಗಿ ಮಾಡಿದ್ದರೆ ಮಾಡಿದ್ದು ಹಾಗೇ ಉಳಿದಿದೆ. ಒಳಗೆ ಜನ ನೀರು ಕುಡಿಯುತ್ತಿದ್ದಾರೆ.

ಆದ್ದರಿಂದ ತಂದೆತಾಯಿಗಳೇ, ಕಂಪ್ಯೂಟರಿನ ತಂತಿ ಕೀಳುವ ಮುಂಚೆ ಮಗನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿ. ಎಷ್ಟು ಅಂಕ ಬಂತೆಂದು ಕೇಳಬೇಡಿ. ಆ ಊರನ್ನು ಉಳಿಸಿದೆಯಾ, ಸುಟ್ಟೆಯಾ, ಯಾಕೆ ಎಂದು ಕೇಳಿ. ಉತ್ತರಕ್ಕಾಗಿ ತಾಳ್ಮೆಯಿಂದ ಕಾಯಿರಿ. ಮಗನ ಮನಸ್ಸು ನಿಮಗೆ ತಿಳಿಯುವುದು ಆ ಉತ್ತರದಲ್ಲಿ.