ಬೀಟಾ ಬಿಟ್ಟು ಹೊರಬರುವ ಶಿಸ್ತು

ಪ್ರತಿ ವರ್ಷ ಜೂನ್ ಬಂತೆಂದರೆ ಒಂದು ಬಗೆಯ ಜನಕ್ಕೆ ಕೈ ತುರಿಸಲು ಶುರುವಾಗುತ್ತದೆ. ಆಪಲ್ ತನ್ನ ಡೆವಲಪರ್ ಸಮ್ಮೇಳನದಲ್ಲಿ ಐಫೋನ್ ನಡೆಸುವ ಮುಂದಿನ ಐಒಎಸ್ ಹೇಗಿರುತ್ತದೆಂದು ತೋರಿಸುತ್ತದೆ, ಅದೇ ದಿನ ಅದರ ಮೊದಲ ಬೀಟಾ, ಅಂದರೆ ಪರೀಕ್ಷೆಗೆಂದು ಕೊಡುವ ಅರೆಬೆಂದ ಆವೃತ್ತಿ, ಹೊರಬೀಳುತ್ತದೆ. ಸೆಪ್ಟೆಂಬರಿನಲ್ಲಿ ಎಲ್ಲರಿಗೂ ಪುಕ್ಕಟೆ ಸಿಗುವುದನ್ನು ಮೂರು ತಿಂಗಳು ಮುಂಚೆಯೇ ನೋಡಿಬಿಡಬೇಕೆಂಬ ಚಪಲ. ಹಿಂದೆ ಈ ಚಪಲಕ್ಕೆ ವರ್ಷಕ್ಕೆ 99 ಡಾಲರ್ ಕೊಟ್ಟು ಡೆವಲಪರ್ ಎನ್ನಿಸಿಕೊಳ್ಳಬೇಕಿತ್ತು. 2015ರಲ್ಲಿ ಸಾರ್ವಜನಿಕ ಬೀಟಾ ಬಂತು. 2023ರಲ್ಲಿ ಐಒಎಸ್ 17ರ ಹೊತ್ತಿಗೆ ಡೆವಲಪರ್ ಬೀಟಾ ಕೂಡ ಆಪಲ್ ಐಡಿ ಇರುವ ಯಾರಿಗೆ ಬೇಕಾದರೂ ಉಚಿತವಾಯಿತು. ಸೆಟ್ಟಿಂಗ್ಸ್, ಜನರಲ್, ಸಾಫ್ಟ್‌ವೇರ್ ಅಪ್‌ಡೇಟ್, ಬೀಟಾ ಅಪ್‌ಡೇಟ್ಸ್. ನಾಲ್ಕು ಕಡೆ ಬೆರಳು ತಾಗಿಸಿದರೆ ಮುಗಿಯಿತು.

ಎರಡು ದಿನ ಸಂಭ್ರಮ. ಆಮೇಲೆ ಬ್ಯಾಟರಿ ಮಧ್ಯಾಹ್ನಕ್ಕೇ ಸುಸ್ತಾಗುತ್ತದೆ, ಫೋನ್ ಕೈ ಸುಡುತ್ತದೆ, ಬ್ಯಾಂಕಿನ ಆ್ಯಪ್ ಬಾಗಿಲು ತೆರೆಯುವುದಿಲ್ಲ. ಆಗ ಅದೇ ಸೆಟ್ಟಿಂಗ್ಸ್ ಹೊಕ್ಕು ‘ತೆಗೆದುಹಾಕು’ ಎಂಬ ಗುಂಡಿಯನ್ನು ಹುಡುಕುತ್ತಾರೆ. ಅಂಥ ಗುಂಡಿ ಅಲ್ಲಿಲ್ಲ.

ಯಾಕಿಲ್ಲ ಅನ್ನುವುದು ತಿಳಿದರೆ ಅರ್ಧ ಸಿಟ್ಟು ಇಳಿಯುತ್ತದೆ. ಆ್ಯಪ್ ಆದರೆ ಒತ್ತಿ ಹಿಡಿದು ಅಳಿಸಬಹುದು. ಆಪರೇಟಿಂಗ್ ಸಿಸ್ಟಂ ಒಳಗೆ ಬಂದ ಕೂಡಲೇ ನಿಮ್ಮ ಮೆಸೇಜು, ಫೋಟೊ, ನೋಟ್ಸ್, ನಡೆದ ಹೆಜ್ಜೆಗಳ ಲೆಕ್ಕ ಇವೆಲ್ಲದರ ಕಡತಗಳನ್ನು ತನಗೆ ಒಗ್ಗುವ ಹೊಸ ವಿನ್ಯಾಸಕ್ಕೆ ತಿರುಗಿಸಿಕೊಳ್ಳುತ್ತದೆ. ಹಳೆಯದು ಬರೆದಿಟ್ಟದ್ದನ್ನು ಹೊಸದು ಓದಬಲ್ಲದು, ಹೊಸದು ಬರೆದದ್ದು ಹಳೆಯದರ ತಲೆಗೆ ಹೋಗುವುದಿಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕಿ, ಬೆಳಿಗ್ಗೆ ಹೆಪ್ಪನ್ನಷ್ಟೇ ಎತ್ತಿ ಹಾಲು ವಾಪಸ್ ಕೊಡಿ ಅಂದ ಹಾಗೆ ಈ ಬೇಡಿಕೆ. ಇದರ ಮೇಲೆ ಭದ್ರತೆಯ ಬೀಗ ಬೇರೆ. ಐಫೋನಿಗೆ ಯಾವ ಆವೃತ್ತಿ ಹಾಕಬೇಕಾದರೂ ಆಪಲ್‌ನ ಸರ್ವರ್ ಅದಕ್ಕೆ ಡಿಜಿಟಲ್ ಸಹಿ ಹಾಕಿ ಕೊಡಬೇಕು. ಹೊಸ ಆವೃತ್ತಿ ಬಂದ ಸ್ವಲ್ಪ ದಿನಕ್ಕೆಲ್ಲ ಹಳೆಯದಕ್ಕೆ ಸಹಿ ಹಾಕುವುದನ್ನು ನಿಲ್ಲಿಸಿಬಿಡುತ್ತಾರೆ. ತೂತು ಬಿದ್ದ ಹಳೆಯ ಆವೃತ್ತಿಗೆ ಫೋನನ್ನು ಇಳಿಸಿ ಕಳ್ಳರು ಒಳನುಗ್ಗದಿರಲಿ ಎಂಬುದು ಕಾರಣ.

ಹಾಗಾದರೆ ಸಿಕ್ಕಿಕೊಂಡವರು ಏನು ಮಾಡಬೇಕು? ದಾರಿ ಎರಡೇ. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಮುಂದಿನ ದಾರಿಗೆ ತಗಲುವುದು ಕಾಯುವ ಬೇಸರ ಮಾತ್ರ: ಬೀಟಾ ಅಪ್‌ಡೇಟ್ಸ್ ಎಂಬಲ್ಲಿ ‘ಆಫ್’ ಮಾಡಿ ಸುಮ್ಮನಿರುವುದು. ಇರುವ ಬೀಟಾ ಇದ್ದಲ್ಲೇ ಇರುತ್ತದೆ, ಹೊಸ ಬೀಟಾ ಬರುವುದಿಲ್ಲ, ಅದಕ್ಕಿಂತ ಮುಂದಿನ ಸಂಖ್ಯೆಯ ಪಕ್ಕಾ ಆವೃತ್ತಿ ಬಿಡುಗಡೆಯಾದ ದಿನ ಎಲ್ಲರಂತೆ ನಿಮಗೂ ಬರುತ್ತದೆ. ಡೇಟಾ ಒಂದಿಷ್ಟೂ ಹೋಗುವುದಿಲ್ಲ. ಹಿಂದಿನ ದಾರಿ ಹಿಡಿದರೆ ಕಂಪ್ಯೂಟರ್ ಬೇಕು, ಕೇಬಲ್ ಬೇಕು. ವಾಲ್ಯೂಮ್ ಏರಿಸುವ ಗುಂಡಿ ಒಮ್ಮೆ ಒತ್ತಿ ಬಿಟ್ಟು, ಇಳಿಸುವ ಗುಂಡಿ ಒಮ್ಮೆ ಒತ್ತಿ ಬಿಟ್ಟು, ಪಕ್ಕದ ಗುಂಡಿಯನ್ನು ಕೇಬಲ್ಲಿನ ಚಿತ್ರ ಮೂಡುವ ತನಕ ಹಿಡಿದಿರಬೇಕು. ಆಪಲ್ ಲೋಗೊ ಬಂದಾಗಲೇ ಬೆರಳು ಸಡಿಲಿಸಿದರೆ ಮತ್ತೆ ಮೊದಲಿಂದ. ಅಲ್ಲಿಂದ ‘ರಿಸ್ಟೋರ್’ ಕೊಟ್ಟರೆ ಫೋನ್ ಪೂರ್ತಿ ಖಾಲಿಯಾಗಿ ಹಳೆಯ ಪಕ್ಕಾ ಆವೃತ್ತಿ ಕೂರುತ್ತದೆ. ಇಷ್ಟು ಮಾಡಿದ ಮೇಲೆ ಕಾಣುವ ಸಂಕಟ ಇನ್ನೊಂದು: ಬೀಟಾದಲ್ಲಿದ್ದಾಗ ತೆಗೆದ ಬ್ಯಾಕಪ್ ಹಳೆಯ ಆವೃತ್ತಿಗೆ ಹತ್ತುವುದಿಲ್ಲ. ಬೀಟಾ ಹಾಕುವ ಮುಂಚೆ ಕಂಪ್ಯೂಟರಿನಲ್ಲಿ ತೆಗೆದು ‘ಆರ್ಕೈವ್’ ಮಾಡಿಟ್ಟ ಬ್ಯಾಕಪ್ ಇದ್ದರೆ ಬದುಕಿದಿರಿ. ಐಕ್ಲೌಡ್ ಇದೆಯಲ್ಲ ಅನ್ನುವವರು ಒಂದು ಮರೆಯುತ್ತಾರೆ. ಅದು ತನ್ನ ಪಾಡಿಗೆ ಹೊಸ ಬ್ಯಾಕಪ್ಪನ್ನು ಹಳೆಯದರ ಮೇಲೆ ಬರೆಯುತ್ತಾ ಹೋಗುತ್ತದೆ.

ಗೂಗಲ್‌ನ ಪಿಕ್ಸೆಲ್ ಫೋನಿನಲ್ಲಿ ಇದೇ ಕಥೆಗೆ ಇನ್ನೊಂದು ತಿರುವು. ಬೀಟಾ ಕಾರ್ಯಕ್ರಮದಿಂದ ಹೊರಬರುತ್ತೇನೆ ಎಂದು ಒತ್ತಿದ ಮೇಲೆ ಸಾಮಾನ್ಯವಾಗಿ ಒಂದು ದಿನದೊಳಗೆ ಅಪ್‌ಡೇಟ್ ಒಂದು ಬರುತ್ತದೆ. ಅಪ್‌ಡೇಟ್ ಬಂತೆಂದು ಖುಷಿಯಿಂದ ಒಪ್ಪಿದರೆ ಅದು ಹಳೆಯ ಆವೃತ್ತಿಗೆ ಇಳಿಸುವ ಪೊಟ್ಟಣ, ಜೊತೆಗೆ ಫೋನಿನಲ್ಲಿದ್ದದ್ದನ್ನೆಲ್ಲ ಒರೆಸಿಹಾಕುತ್ತದೆ. ಅದನ್ನು ಹಾಕಿಕೊಳ್ಳದೆ, ನೋಟಿಫಿಕೇಶನ್ ಎಷ್ಟು ಸಲ ಕುಣಿದರೂ ಮುಟ್ಟದೆ, ಪಕ್ಕಾ ಆವೃತ್ತಿ ಬರುವ ತನಕ ಇದ್ದರೆ ಏನೂ ಅಳಿಸದೆ ಹೊರಬರಬಹುದು. ಎಷ್ಟೋ ಜನ ಇಲ್ಲೇ ಎಡವುವುದು, ಓದದೆ ಒಪ್ಪುವ ಚಾಳಿಯಿಂದ. ಬೀಟಾ ಒಳಗೆ ಬಂದದ್ದೂ ಅದೇ ಚಾಳಿಯಿಂದ ತಾನೆ?

ವಿಂಡೋಸ್ ಲೋಕದ ಬೀಟಾ ವ್ಯವಸ್ಥೆಯಾದ ಇನ್ಸೈಡರ್ ಕಾರ್ಯಕ್ರಮ 2014ರಲ್ಲಿ ಶುರುವಾದದ್ದು. ಅಲ್ಲಿ ಹೊಸ ಬಿಲ್ಡ್ (ಪರೀಕ್ಷಾ ಆವೃತ್ತಿ) ಹಾಕಿದ ಮೇಲೆ ‘ಹಿಂದಕ್ಕೆ ಹೋಗು’ ಎಂಬ ಆಯ್ಕೆಗೆ ಸಾಮಾನ್ಯವಾಗಿ ಹತ್ತು ದಿನದ ಗಡುವು. ಗಡುವು ಮುಗಿದ ಮೇಲೆ ಹಳೆಯ ವಿಂಡೋಸ್ ಇಟ್ಟಿದ್ದ ಫೋಲ್ಡರನ್ನು ಯಂತ್ರವೇ ಗುಡಿಸಿಹಾಕುತ್ತದೆ. ತೀರಾ ಕಚ್ಚಾ ಬಿಲ್ಡ್ ಕೊಡುವ ಕ್ಯಾನರಿಯಂಥ ತುದಿಯ ಚಾನೆಲ್ಲಿಗೆ ಹೋದವರಿಗೆ ಹೊರಬರಲು ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಗತಿ. ಆಪಲ್ ವಾಚ್ ಅಂತೂ ಇನ್ನೂ ಖಡಕ್. ವಾಚ್‌ಒಎಸ್ ಬೀಟಾ ಹಾಕಿದರೆ ಹಿಂದಿನ ದಾರಿಯೇ ಇಲ್ಲ. ಫೋನನ್ನು ಕಷ್ಟಪಟ್ಟು ಹಳೆಯದಕ್ಕೆ ಇಳಿಸಿದವರು ಆಮೇಲೆ ನೋಡಿದರೆ, ಕೈಯಲ್ಲಿರುವ ವಾಚು ಆ ಫೋನಿನ ಜೊತೆ ಮಾತೇ ಆಡುವುದಿಲ್ಲ.

ಇಷ್ಟು ಹೇಳಿದ್ದು ತಂತ್ರಜ್ಞಾನದ ಪಾಠಕ್ಕಾಗಿ ಅಲ್ಲ ಎಂದರೆ ಪೂರ್ತಿ ನಿಜವಾಗಲಾರದು, ಅರ್ಧ ಅದಕ್ಕೂ ಹೌದು. ಉಳಿದರ್ಧ, ಸಿಕ್ಕಿಕೊಂಡಾಗ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದು. ನಾನು ಕಂಡಂತೆ ಬಹುಪಾಲು ಜನ ಈ ಎರಡೂ ದಾರಿ ಬಿಟ್ಟು ಮೂರನೆಯದನ್ನು ಹಿಡಿಯುತ್ತಾರೆ. ಅದರ ಹೆಸರು ಕೆದಕುವುದು. ಒಮ್ಮೆ ರೀಸ್ಟಾರ್ಟ್, ಒಮ್ಮೆ ನೆಟ್‌ವರ್ಕ್ ರೀಸೆಟ್, ಎಲ್ಲೋ ಸಿಕ್ಕ ಹಳೆಯ ಫರ್ಮ್‌ವೇರ್ ಕಡತ, ಯಾರೋ ಹೇಳಿದ ‘ಒಂದೇ ಕ್ಲಿಕ್ಕಿಗೆ ಡೌನ್‌ಗ್ರೇಡ್’ ಸಾಫ್ಟ್‌ವೇರು. ರಾತ್ರಿ ಹನ್ನೊಂದಕ್ಕೆ ಶುರುವಾದ ಈ ಕೆದಕಾಟ ಎರಡಕ್ಕೆ ಮುಗಿಯುವಾಗ, ಬ್ಯಾಟರಿ ಬೇಗ ಇಳಿಯುತ್ತಿದ್ದ ಫೋನು ಆನ್ ಆಗದ ಫೋನಾಗಿರುತ್ತದೆ. ಏನಾದರೂ ಮಾಡುತ್ತಿದ್ದೇನೆ ಅನ್ನುವ ಸಮಾಧಾನಕ್ಕೆ ಕೊಡುವ ಬೆಲೆ ಇದು. ಕಿರಿಕಿರಿ ಎಷ್ಟು, ಅಪಾಯ ಎಷ್ಟು ಎಂದು ಬೇರೆ ಬೇರೆ ಮಾಡಿ ನೋಡುವ ಅಭ್ಯಾಸ ಇದ್ದಿದ್ದರೆ ಹನ್ನೊಂದೂಕಾಲಿಗೆ ಮಲಗಬಹುದಿತ್ತು. ಕರೆ ಹೋಗುತ್ತದೆಯೆ, ಬರುತ್ತದೆಯೆ? ಹಣ ಕಳಿಸಲು ಬೇರೆ ದಾರಿ ಇದೆಯೆ? ಫೋಟೊಗಳು ಇನ್ನೊಂದು ಕಡೆ ಉಳಿದಿವೆಯೆ? ಮೂರಕ್ಕೂ ಹೌದು ಅಂದರೆ ಅದು ಕಿರಿಕಿರಿ, ಕಾಯಬಹುದು. ಒಂದಕ್ಕೆ ಇಲ್ಲ ಅಂದರೂ ಹಿಂದಿನ ದಾರಿಯ ತಯಾರಿ ಮಾಡಬೇಕು, ಅದೂ ಹಗಲು ಹೊತ್ತಿನಲ್ಲಿ, ನಿದ್ದೆಗಣ್ಣಲ್ಲಿ ಬೇಡ.

ಕಾಯುವುದು ಅನಿವಾರ್ಯವಾದ ಪ್ರಸಂಗಗಳೂ ಉಂಟು. 2018ರ ಆಗಸ್ಟ್ ಕೊನೆಯಲ್ಲಿ ಐಒಎಸ್ 12ರ ಬೀಟಾ ಹಾಕಿಕೊಂಡವರಿಗೆ ಫೋನಿನ ಲಾಕ್ ತೆಗೆದಾಗಲೆಲ್ಲ ಒಂದು ಸಂದೇಶ ಎದುರಾಗುತ್ತಿತ್ತು: ಹೊಸ ಅಪ್‌ಡೇಟ್ ಇದೆ, ಈ ಬೀಟಾ ಬಿಟ್ಟು ಅದನ್ನು ಹಾಕಿಕೊಳ್ಳಿ. ಹೋಗಿ ನೋಡಿದರೆ ಯಾವ ಅಪ್‌ಡೇಟೂ ಇಲ್ಲ. ಮುಚ್ಚು, ತೆರೆ, ಮತ್ತೆ ಅದೇ. ಬೀಟಾಗೆ ತನ್ನ ಅವಧಿ ಮುಗಿಯುತ್ತಿದೆ ಎಂಬ ಭ್ರಮೆ ಹಿಡಿದಿತ್ತು. ಬಳಕೆದಾರ ಏನು ಗುದ್ದಾಡಿದರೂ ಅದು ಹೋಗುವಂಥದ್ದಲ್ಲ, ಆಪಲ್ ಮುಂದಿನ ಬೀಟಾ ಕೊಟ್ಟ ಮೇಲೆಯೇ ಹೋಯಿತು.

ಅವಧಿಯ ಮಾತು ಬಂದದ್ದರಿಂದ ಹಳೆಯದೊಂದು ನೆನಪಿಸಿಕೊಳ್ಳಬೇಕು. 2000ದ ಸೆಪ್ಟೆಂಬರಿನಲ್ಲಿ ಆಪಲ್ ತನ್ನ ಮ್ಯಾಕ್ ಒಎಸ್ ಎಕ್ಸ್‌ನ ಬೀಟಾವನ್ನು ಜನರಿಗೆ ಕೊಟ್ಟಿತು. ಕೊಟ್ಟಿತು ಅಂದರೆ ಮಾರಿತು, ಸಿ.ಡಿ.ಯೊಂದಕ್ಕೆ 29.95 ಡಾಲರ್. ಅರೆಬೆಂದದ್ದಕ್ಕೆ ದುಡ್ಡೇ ಎಂದು ಗೊಣಗಿದವರಿದ್ದರು. ಆದರೆ ಆ ವ್ಯವಹಾರದಲ್ಲಿ ಒಂದು ನೇರವಂತಿಕೆ ಇತ್ತು: 2001ರ ಮೇ ತಿಂಗಳಿಗೆ ಅದು ಕೆಲಸ ನಿಲ್ಲಿಸುವಂತೆ ಮಾಡಿದ್ದರು, ಮಾರ್ಚಿನಲ್ಲಿ ಪಕ್ಕಾ ಆವೃತ್ತಿ ಬಂದಾಗ ಬೀಟಾ ಕೊಂಡವರಿಗೆ ಆ ಹಣ ರಿಯಾಯಿತಿಯಾಗಿ ಸಿಕ್ಕಿತು. ಒಳಹೋಗುವಾಗಲೇ ಹೊರಬರುವ ತಿಂಗಳು ಗೊತ್ತು. ಬೀಟಾ ಹಾಕಬೇಕೆನ್ನುವ ಇಂದಿನ ಹುಡುಗರಿಗೆ ನಾನು ಹೇಳುವುದೂ ಇದನ್ನೇ. ಹಾಕಿ, ಬೇಡ ಅನ್ನುವುದಿಲ್ಲ. ಹಾಕುವ ಮೊದಲು ಒಂದು ಚೀಟಿಯಲ್ಲಿ ಬರೆದಿಡಿ: ಯಾವ ತಿಂಗಳು ಹೊರಬರುತ್ತೇನೆ, ಬ್ಯಾಕಪ್ ಎಲ್ಲಿದೆ, ತೀರಾ ಕೆಟ್ಟರೆ ಯಾವ ಫೋನ್ ಬಳಸುತ್ತೇನೆ. ಮೂರನೆಯದಕ್ಕೆ ಉತ್ತರ ಇಲ್ಲದವರು ಸೆಪ್ಟೆಂಬರ್ ತನಕ ತಡೆಯುವುದೇ ವಾಸಿ.

ಸ್ವಂತ ಫೋನಿಗೆ ಹಾಕಿಕೊಂಡರೆ ಅದು ಅವರವರ ಹಣೆಬರಹ. ಬೇರೆಯವರದಕ್ಕೆ ಹಾಕುವವರೂ ಇದ್ದಾರೆ! ನಮ್ಮ ಬೀದಿಯ ಹುಡುಗನೊಬ್ಬ, ಎಂಜಿನಿಯರಿಂಗ್ ಓದುವವನು, ತನ್ನ ಫೋನು ಜೋಪಾನವಾಗಿಟ್ಟುಕೊಂಡು ಅಮ್ಮನದಕ್ಕೆ ಬೀಟಾ ಹಾಕಿದ್ದ. ‘ಅಮ್ಮ ಜಾಸ್ತಿ ಯೂಸ್ ಮಾಡಲ್ಲ ಅಂಕಲ್’ ಎಂಬುದು ಅವನ ಸಮಜಾಯಿಷಿ. ಆಕೆ ಸ್ತ್ರೀಶಕ್ತಿ ಸಂಘದ ಲೆಕ್ಕ ನೋಡುವವರು. ವಾರದ ಉಳಿತಾಯದ ಹಣ ಕಟ್ಟುವ ದಿನ ಬ್ಯಾಂಕಿನ ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು.

‘ಏನ್ ಮಾಡಿದ್ಯೋ ಇದಕ್ಕೆ? ನಿನ್ನೆ ತನಕ ಚೆನ್ನಾಗೇ ಇತ್ತಲ್ಲ.’

‘ಏನಿಲ್ಲಮ್ಮ, ಎರಡು ವಾರ ತಡಿ. ಅಪ್‌ಡೇಟ್ ಬರುತ್ತೆ, ಸರಿ ಹೋಗುತ್ತೆ.’

‘ದುಡ್ಡು ಇವತ್ತು ಕಟ್ಟಬೇಕು ಕಣೋ. ಹನ್ನೆರಡು ಜನಕ್ಕೆ ನಾನು ಉತ್ತರ ಹೇಳಬೇಕು, ನೀನಲ್ಲ.’

ಹುಡುಗ ಬುದ್ಧಿವಂತ. ಅವನು ಹೇಳಿದ ಎರಡು ವಾರದ ಲೆಕ್ಕ ತಾಂತ್ರಿಕವಾಗಿ ಸರಿಯೇ ಇದ್ದಿರಬಹುದು. ಆದರೆ ಕಾಯುವ ತೀರ್ಮಾನ ಮಾಡುವ ಹಕ್ಕು ಕಾಯಬೇಕಾದವರದು, ಅದನ್ನು ಅವನು ಆಕೆಯ ಕೈಯಿಂದ ಕಿತ್ತುಕೊಂಡಿದ್ದ. ಕಚೇರಿಯ ಲ್ಯಾಪ್‌ಟಾಪಿಗೆ ಕೇಳದೆ ಇನ್ಸೈಡರ್ ಬಿಲ್ಡ್ ಹಾಕುವವರದೂ ಇದೇ ಜಾತಿಯ ನಡತೆ. ಆ ದಿನ ಅವನೇ ಪಾಸ್‌ಬುಕ್ ಹಿಡಿದು ಬ್ಯಾಂಕಿನ ಸಾಲಿನಲ್ಲಿ ನಿಂತ, ಅಷ್ಟರ ಮಟ್ಟಿಗೆ ಒಳ್ಳೆಯ ಹುಡುಗ.

ಬೀಟಾದಲ್ಲಿ ಸಿಕ್ಕಿಕೊಂಡು ಕಾಯುವ ವಾರಗಳಿಗೆ ಒಂದು ಕೆಲಸವೂ ಇದೆ. ಬಹಳ ಜನ ಮರೆತದ್ದು ಅದನ್ನೇ. ಬೀಟಾ ಕೊಡುವುದು ತೋರಿಸಿ ಮೆರೆಯಲಿ ಅಂತಲ್ಲ, ದೋಷ ಕಂಡರೆ ಹೇಳಲಿ ಅಂತ. ಐಫೋನಿನಲ್ಲಿ ಅದಕ್ಕೆಂದೇ ಫೀಡ್‌ಬ್ಯಾಕ್ ಅಸಿಸ್ಟೆಂಟ್ ಎಂಬ ಆ್ಯಪ್ ಇರುತ್ತದೆ, ವಿಂಡೋಸಿನಲ್ಲಿ ಫೀಡ್‌ಬ್ಯಾಕ್ ಹಬ್. ಅದನ್ನು ತೆರೆದು ಬರೆಯಲು ಕೂತರೆ ನಮ್ಮ ದೂರುವ ಶೈಲಿಯೇ ಬಯಲಿಗೆ ಬರುತ್ತದೆ. ‘ಕನ್ನಡ ಸರಿ ಬರುತ್ತಿಲ್ಲ’ ಎಂದು ಬರೆದರೆ ಕೂಪರ್ಟಿನೋದ ಆಪಲ್ ಕಚೇರಿಯಲ್ಲಿ ಕೂತವನಿಗೆ ಏನು ತಿಳಿಯಬೇಕು? ‘ನೋಟ್ಸ್ ಆ್ಯಪಿನಲ್ಲಿ ಲಕ್ಷ್ಮಿ ಎಂದು ಬರೆದರೆ ಮಕಾರದ ಒತ್ತು ಕ್ಷಕಾರದ ಕೆಳಗೆ ಕೂರದೆ ಪಕ್ಕಕ್ಕೆ ಬೀಳುತ್ತದೆ, ಹಿಂದಿನ ಆವೃತ್ತಿಯಲ್ಲಿ ಹೀಗಿರಲಿಲ್ಲ, ಮೆಸೇಜಿನಲ್ಲಿ ಸರಿ ಬರುತ್ತದೆ, ಸ್ಕ್ರೀನ್‌ಶಾಟ್ ಇಟ್ಟಿದ್ದೇನೆ’ ಎಂದು ಬರೆದರೆ ಹಿಡಿದು ರಿಪೇರಿ ಮಾಡಲು ಒಂದು ತುದಿ ಸಿಗುತ್ತದೆ. ಎಲ್ಲಿ, ಏನು ಮಾಡಿದಾಗ, ಏನಾಗಬೇಕಿತ್ತು, ಏನಾಯಿತು. ಈ ನಾಲ್ಕನ್ನು ಬಿಡಿಸಿ ಹೇಳಲು ಬಂದವನು ಬೆಸ್ಕಾಂಗೆ ಕೊಡುವ ದೂರನ್ನೂ ಚೆನ್ನಾಗಿ ಬರೆಯುತ್ತಾನೆ, ಡಾಕ್ಟರ ಮುಂದೆ ತನ್ನ ಹೊಟ್ಟೆನೋವನ್ನೂ ಸರಿಯಾಗಿ ಹೇಳುತ್ತಾನೆ. ಒತ್ತಕ್ಷರದ ತೊಂದರೆ ಸೆಪ್ಟೆಂಬರಿನಲ್ಲಿ ಎಲ್ಲರ ಫೋನಿಗೆ ಬಂದ ಮೇಲೆ ಕೂಗಾಡುವುದಕ್ಕಿಂತ ಜುಲೈನಲ್ಲೇ ಒಬ್ಬ ಕನ್ನಡಿಗ ಹೀಗೆ ಬರೆದು ಕಳಿಸಿದರೆ ಅವನ ಬೀಟಾ ಚಪಲವನ್ನು ನಾನು ಪೂರ್ತಿ ಕ್ಷಮಿಸಲು ಸಿದ್ಧ.

ಇನ್ನೊಂದು ಸಂಗತಿ ಉಳಿಯಿತು, ಹೊರಬರುವ ಘಳಿಗೆಯದು. ಸೆಪ್ಟೆಂಬರಿನಲ್ಲಿ ಪಕ್ಕಾ ಆವೃತ್ತಿ ಬಂದು ಫೋನಿನಲ್ಲಿ ಕೂತಾಗ, ಅಬ್ಬ, ಮುಗಿಯಿತು ಎಂದುಕೊಳ್ಳುತ್ತಾರೆ. ಬೀಟಾ ಅಪ್‌ಡೇಟ್ಸ್ ಇನ್ನೂ ಆನ್ ಇದ್ದರೆ ಮುಗಿದಿರುವುದಿಲ್ಲ. ಸ್ವಲ್ಪ ದಿನಕ್ಕೇ ಅದರ ಮುಂದಿನ ಕಿರು ಆವೃತ್ತಿಯ (ಪಾಯಿಂಟ್ ಒಂದು) ಬೀಟಾ ಬಂದು ಬಾಗಿಲು ತಟ್ಟುತ್ತದೆ, ಫೋನ್ ಮತ್ತೆ ಅದೇ ಸರಪಳಿಗೆ ಬೀಳುತ್ತದೆ. ಪಿಕ್ಸೆಲ್‌ನಲ್ಲೂ ಹೀಗೇ. ಪಕ್ಕಾ ಆವೃತ್ತಿ ಹಾಕಿ ಮುಂದಿನ ಬೀಟಾ ಹಾಕಿಕೊಳ್ಳುವ ನಡುವೆ ಸಿಗುವ ಸಣ್ಣ ಸಂದಿಯಲ್ಲಿ ಹೊರಬಂದರೆ ಏನೂ ಅಳಿಸುವುದಿಲ್ಲ. ಸಂದಿ ತಪ್ಪಿದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು, ಇಲ್ಲವೆ ಎಲ್ಲ ಒರೆಸಿಕೊಳ್ಳಬೇಕು. ಫೋನ್ ಚೆನ್ನಾಗಿ ನಡೆಯುತ್ತಿರುವಾಗ ಸೆಟ್ಟಿಂಗ್ಸ್ ಒಳಗೆ ಹೋಗಿ ಆಫ್ ಮಾಡಬೇಕೆಂದು ಯಾರಿಗೂ ನೆನಪಾಗುವುದಿಲ್ಲ. ಆದ್ದರಿಂದ ಆ ಚೀಟಿಯಲ್ಲಿ ಬರೆದಿಟ್ಟ ತಿಂಗಳನ್ನು ಕ್ಯಾಲೆಂಡರಿಗೂ ಹಾಕಿ, ಅಲಾರಂ ಇಡಿ. ಬೀಟಾ ಇಲ್ಲದ ಇನ್ನೊಂದು ಫೋನಿನಲ್ಲಿ ಇಟ್ಟರೆ ಇನ್ನೂ ಒಳ್ಳೆಯದು.