ಮೊಮ್ಮಕ್ಕಳು ಹೋದ ಮೇಲಣ ಮನೆ



ಬೇಸಗೆಯ ರಜೆಯು ತೀರಿ ಶಾಲೆಗಳು ತೆರೆಯುವ ಕಾಲ ಬಂದಾಗ ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಅನೇಕ ಮನೆಗಳು ಒಂದೇ ರಾತ್ರಿಯಲ್ಲಿ ನಿಶ್ಶಬ್ದವಾಗುತ್ತವೆ. ನಿನ್ನೆಯ ವರೆಗೆ ಜಗಲಿಯ ಮುಂದೆ ಸಣ್ಣ ಸಣ್ಣ ಚಪ್ಪಲಿಗಳು ಚೆಲ್ಲಿ ಬಿದ್ದಿದ್ದವು. ಅಂಗಳದಲ್ಲಿ ಮಾವಿನ ಗೊರಟುಗಳು, ಬಾವಿಕಟ್ಟೆಯಲ್ಲಿ ನೀರಾಟ, ರಾತ್ರಿ ಅಜ್ಜಿಯ ಮಗ್ಗುಲಲ್ಲಿ ಯಾರು ಮಲಗಬೇಕೆಂಬ ಜಗಳ. ಬೆಂಗಳೂರಿನ ಬಸ್ಸು ಅವರನ್ನು ಕರೆದುಕೊಂಡು ಹೋಯಿತು. ಮರುದಿನ ಅಜ್ಜಿಯು ರೂಢಿಯಂತೆ ಆರು ಮಂದಿಗೆ ಗಂಜಿಯನ್ನು ಬೇಯಿಸಿ, ಬಟ್ಟಲುಗಳನ್ನು ಇಡುವಾಗ ಮಾತ್ರ ಎಚ್ಚತ್ತು, ಸೆರಗಿನಿಂದ ಕಣ್ಣು ಒರಸಿಕೊಳ್ಳುತ್ತಾಳೆ. ಅಜ್ಜನು ಏನೂ ಹೇಳದೆ ತೋಟಕ್ಕೆ ಹೋಗುತ್ತಾನೆ. ಆ ದಿವಸ ತೋಟದಲ್ಲಿ ಅವನಿಗೆ ಯಾವ ಕೆಲಸವೂ ಇರುವುದಿಲ್ಲವೆಂಬದನ್ನು ಅನುಭವಿಸಿದವರು ಬಲ್ಲರು.

ಈ ದುಃಖವು ಅವಿಶ್ವಾಸದ ಗುರುತೆಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಮುಪ್ಪಿನಿಂದ ಕಣ್ಣು ಮಬ್ಬಾಗಿದ್ದ ಯಾಕೋಬನು ಐಗುಪ್ತದಲ್ಲಿ ಯೋಸೇಫನ ಮಕ್ಕಳಿಬ್ಬರನ್ನು ಹತ್ತಿರಕ್ಕೆ ಕರೆದು ಅಪ್ಪಿಕೊಂಡು ಮುದ್ದಿಟ್ಟ ಸಂಗತಿಯನ್ನು ದೇವರ ವಾಕ್ಯವು ಎಷ್ಟು ಪ್ರೀತಿಯಿಂದ ಬರೆದಿಟ್ಟಿದೆ! ಮೊಮ್ಮಕ್ಕಳ ಸಂಗಡ ಸಂತೋಷಪಡುವುದು ದೇವರಿಗೆ ಮೆಚ್ಚಿಕೆಯಾದರೆ, ಅವರು ಹೋದಾಗ ಅಳುವುದು ಆತನಿಗೆ ಹೇಗೆ ಅಸಹ್ಯವಾದೀತು? ಆದರೆ ಅಳುವುದು ಒಂದು, ಗೊಣಗುವುದು ಇನ್ನೊಂದು. ಈ ಭೇದವನ್ನು ನಾವು ಈ ವರುಷ ಕಷ್ಟದಿಂದ ಕಲಿತೆವು.

ಆದಿಕಾಂಡದ 31ನೆಯ ಅಧ್ಯಾಯವನ್ನು ತೆರೆಯಿರಿ. ಅಲ್ಲಿ ಲಾಬಾನನೆಂಬ ಒಬ್ಬ ಅಜ್ಜನನ್ನು ಕಾಣುವಿರಿ. ಪ್ರಸಂಗಿಗಳಾದ ನಾವು ಇವನನ್ನು ಬೈಯುವುದುಂಟೇ ಹೊರತು ಇವನಿಗಾಗಿ ಮರುಗಿದ್ದಿಲ್ಲ. ಬೈಯುವುದಕ್ಕೆ ಕಾರಣವೂ ಉಂಟು. ಅಳಿಯನಿಂದ 20 ವರುಷ ಸೇವೆ ಮಾಡಿಸಿಕೊಂಡು, ಕೂಲಿಯನ್ನು 10 ಸಾರಿ ಬದಲಾಯಿಸಿದನೆಂದು ಯಾಕೋಬನು ದೂರಿಟ್ಟನು. ಇಂಥ ಮಾವನ ಮನೆಯಿಂದ ಅಳಿಯನು ಹೇಳದೆ ಹೋದದ್ದು ಆಶ್ಚರ್ಯವಲ್ಲ. ಲಾಬಾನನು ಕುರಿಗಳ ಉಣ್ಣೆ ಕತ್ತರಿಸುವುದಕ್ಕೆ ಹೋದ ಸಮಯವನ್ನು ನೋಡಿ ಯಾಕೋಬನು ಹೆಂಡತಿಮಕ್ಕಳನ್ನು ಒಂಟೆಗಳ ಮೇಲೆ ಹತ್ತಿಸಿಕೊಂಡು ಹೊರಟನು. ಸುದ್ದಿ ಮುಟ್ಟಿದ್ದು ಮೂರನೆಯ ದಿನ. ಲಾಬಾನನು 7 ದಿನಗಳ ಪ್ರಯಾಣ ಬೆನ್ನಟ್ಟಿ ಗಿಲ್ಯಾದ್ ಬೆಟ್ಟದಲ್ಲಿ ಅವರನ್ನು ಕಂಡನು.

ಅಲ್ಲಿ ಅವನು ಆಡಿದ ದೂರುಗಳನ್ನು ಗಮನಿಸಿರಿ. ಕಳೆದುಹೋದ ವಿಗ್ರಹಗಳ ಮಾತು ಆಮೇಲೆ ಬರುತ್ತದೆ. ಅದಕ್ಕಿಂತ ಮುಂಚೆ ಹೇಳಿದ್ದು, ಹೋಗುವ ಮಕ್ಕಳಿಗೆ ಮುದ್ದಿಡಲಿಕ್ಕೂ ನನಗೆ ಎಡೆಗೊಡಲಿಲ್ಲ ಎಂಬದನ್ನೇ. ಅದು ಅಜ್ಜನ ನಿಜವಾದ ದುಃಖ. ಆದರೆ ಸ್ವಲ್ಪ ಹೊತ್ತಿನಲ್ಲೇ ಅವನ ಬಾಯಲ್ಲಿ ಬೇರೆ ಮಾತು ಬಂತು: ಈ ಹೆಣ್ಣುಮಕ್ಕಳು ನನ್ನವರು, ಈ ಮಕ್ಕಳು ನನ್ನವರು, ಕಾಣುವದೆಲ್ಲಾ ನನ್ನದು ಎಂದನು. ನೋಡಿರಿ, ಪ್ರೀತಿಯಾಗಿ ಆರಂಭವಾದದ್ದು ಎಷ್ಟು ಬೇಗ ಲೆಕ್ಕವಾಗಿ ಹೋಯಿತು!

ನಮ್ಮ ವಿಷಯವನ್ನೂ ಮುಚ್ಚದೆ ಹೇಳುತ್ತೇವೆ. ಮಕ್ಕಳು ಹೋದ ಮೂರನೆಯ ಸಂಜೆ ಮಗನು ಮೊಬೈಲಿನಲ್ಲಿ ಕರೆದನು. ಊಟವಾಯಿತೇ, ಅಪ್ಪಾ ಎಂದು ಕೇಳಿದನು. ನಾವು ಏನು ಉತ್ತರ ಕೊಟ್ಟೆವು? “ಇನ್ನು ನೀವು ಬರುವುದು ನಮ್ಮನ್ನು ಮಣ್ಣು ಮಾಡುವುದಕ್ಕೇ ಅಲ್ಲವೇ” ಎಂದುಬಿಟ್ಟೆವು. ಅತ್ತ ಮನೆಯವರೆಲ್ಲರಿಗೂ ಕೇಳುವಂತೆ ಫೋನನ್ನು ಇಟ್ಟಿದ್ದರೆಂದು ನಮಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯ ಮೊಮ್ಮಗಳ ಸ್ವರ ಕೇಳಿತು: “ಅಜ್ಜಾ, ನಾವು ಹೊರಟುಬಂದದ್ದು ತಪ್ಪಾ?”

ಪ್ರಿಯರೇ, ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಎಂಟು ವರುಷದ ಕೂಸಿನ ಹೆಗಲ ಮೇಲೆ ನಮ್ಮ ಮುಪ್ಪಿನ ಹೊರೆಯನ್ನು ಹೊರಿಸಿದೆವು. ಬೆಳಿಗ್ಗೆ ಶಾಲೆಯ ಹೊತ್ತಿಗೆ ಮುಂಚೆ ನಾವೇ ಕರೆದು, “ತಪ್ಪು ನಿನ್ನದಲ್ಲ ಮಗಾ, ಅಜ್ಜನದು” ಎಂದು ಹೇಳಿದೆವು. ಸೊಸೆಯ ಹತ್ತಿರವೂ ಕ್ಷಮೆ ಕೇಳಿದೆವು. ಇದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ಇಂಥ ಮಾತು ಓದುವವರ ಮನೆಗಳಲ್ಲಿಯೂ ಆಡಲ್ಪಟ್ಟಿರಬಹುದು.

ಲಾಬಾನನ ಕಥೆಯು ಲೆಕ್ಕದ ಮಾತಿನಲ್ಲಿ ಮುಗಿಯುವುದಿಲ್ಲ. ಕಲ್ಲುಗಳ ಕುಪ್ಪೆಯನ್ನು ಮಾಡಿ ಒಡಂಬಡಿಕೆ ಮಾಡಿಕೊಂಡರು, ಒಟ್ಟಿಗೆ ಊಟಮಾಡಿದರು. ಮುಂಜಾನೆ ಆ ಮುದುಕನು ಎದ್ದು ಮೊಮ್ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಮುದ್ದಿಟ್ಟು, ಆಶೀರ್ವದಿಸಿ, ತನ್ನ ಊರಿಗೆ ಹಿಂದಿರುಗಿದನು. ಬೆನ್ನಟ್ಟಿ ಬಂದವನು ಕೈಬಿಟ್ಟು ಹೋದನು. ಅವನು ಮನೆಗೆ ಮುಟ್ಟಿದಾಗ ಹೇಗಿತ್ತೆಂದು ಸತ್ಯವೇದವು ಹೇಳುವುದಿಲ್ಲ. ಅವನ ಗಂಡುಮಕ್ಕಳು ಅಲ್ಲಿದ್ದರು, ಮಂದೆಗಳೂ ಇದ್ದವು. ಆದರೂ ಯಾಕೋಬನ ಆ ಹನ್ನೊಂದು ಹುಡುಗರ ಗದ್ದಲವೂ ದೀನಳ ಸ್ವರವೂ ಅಲ್ಲಿ ಮತ್ತೆ ಕೇಳಿಬಂತೆಂದು ಎಲ್ಲಿಯೂ ಬರೆದಿಲ್ಲ.

ನಮಗಾದರೋ ಅಷ್ಟು ಕಠಿಣವಾದ ಅಗಲಿಕೆ ಬಂದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಕಾಲದಲ್ಲಿ ಪಾದ್ರಿಗಳು ತಮ್ಮ ಚಿಕ್ಕ ಮಕ್ಕಳನ್ನು ವಿದ್ಯೆಗಾಗಿ ಹಡಗಿನಲ್ಲಿ ಯೂರೋಪಿಗೆ ಕಳುಹಿಸಿ, ವರುಷಗಟ್ಟಳೆ ಕಾಗದಗಳಿಂದಲೇ ಮುಖ ನೋಡಬೇಕಾಗಿತ್ತು. ಆ ಪದ್ಧತಿಯನ್ನು ನಾವು ಹೊಗಳುವುದಿಲ್ಲ. ಮಕ್ಕಳು ಅದರಿಂದ ಬಹಳ ನೊಂದರು. ನಮ್ಮ ಕೈಯಲ್ಲಿ ಫೋನು ಇರುವಾಗ ಅದನ್ನು ಆಶೀರ್ವಾದಕ್ಕೆ ಉಪಯೋಗಿಸುವೆವೋ, ದೂರು ಹೇಳುವುದಕ್ಕೋ ಎಂದು ಕೇಳಿಕೊಳ್ಳುವುದಕ್ಕಾಗಿ ಮಾತ್ರ ಇದನ್ನು ನೆನಪಿಸಿದೆವು.

ಹೊಸ ಒಡಂಬಡಿಕೆಯಲ್ಲಿ ಅಜ್ಜಿ ಎಂಬ ಮಾತು ಒಂದೇ ಕಡೆ ಬರುತ್ತದೆ. ಅದು ತಿಮೊಥೆಯನ ಅಜ್ಜಿಯಾದ ಲೋವಿಯ ವಿಷಯ. ಆ ಹುಡುಗನು ಲುಸ್ತ್ರದಿಂದ ಪೌಲನ ಸಂಗಡ ಹೊರಟುಹೋದನು. ಅವಳ ಮನೆಯೂ ಮೌನವಾಗಿರಬೇಕು. ಆದರೆ ಅವಳಲ್ಲಿದ್ದ ನಂಬಿಕೆಯು ಮೊಮ್ಮಗನ ಸಂಗಡ ದಾರಿ ನಡೆಯಿತು. ವರುಷಗಳಾದ ಮೇಲೆ ಪೌಲನು ಸೆರೆಮನೆಯಿಂದ ಬರೆಯುವಾಗಲೂ ಅವಳ ಹೆಸರನ್ನು ಮರೆಯಲಿಲ್ಲ.

ಈಗ ಸಂಜೆಯ ಪ್ರಾರ್ಥನೆಯಲ್ಲಿ ನಾವೂ ನಮ್ಮ ಮನೆಯವರೂ ಮಕ್ಕಳನ್ನು ಒಬ್ಬೊಬ್ಬರಾಗಿ ಹೆಸರುಗೊಂಡು ದೇವರ ಮುಂದೆ ಇಡುತ್ತೇವೆ: ಒಬ್ಬನ ಲೆಕ್ಕದ ಪಾಠ, ಒಬ್ಬಳ ಕೆಮ್ಮು, ಚಿಕ್ಕವನ ಹಟ. ಅವರು ಇದ್ದಾಗ ಗದ್ದಲದಲ್ಲಿ ಇಷ್ಟು ಪ್ರಾರ್ಥಿಸಲಿಲ್ಲವೆಂಬದು ಸತ್ಯ.

ಇನ್ನೊಂದು ಸಂಗತಿ. ನಮ್ಮ ನೆರೆಯಲ್ಲಿ ಸಭೆಯ ಒಬ್ಬ ವಿಧವೆಯಾದ ಅಕ್ಕನವರಿದ್ದಾರೆ, ಅವರಿಗೆ ಮಕ್ಕಳಿಲ್ಲ. ಭಾನುವಾರ ದೇವಾಲಯದಿಂದ ಬರುವಾಗ ನಮ್ಮ ಬೇಸರವನ್ನು ಅವರ ಮುಂದೆ ಹೇಳಿಕೊಂಡೆವು. ಅವರು ಕೇಳಿ, “ಹೌದು ಅಣ್ಣಾ, ನನಗೂ ಈ ವಾರ ಬೇಸರವೇ. ಒಂದು ತಿಂಗಳು ಗೋಡೆಯ ಆಚೆ ಕುಳಿತು ನಿಮ್ಮ ಮಕ್ಕಳ ಗಲಾಟೆಯನ್ನು ನಾನೂ ಕೇಳುತ್ತಿದ್ದೆ” ಎಂದರು. ನಮ್ಮ ಬಾಯಿ ಕಟ್ಟಿತು. ಆ ಒಂದು ತಿಂಗಳಲ್ಲಿ ಒಂದು ಹಲಸಿನ ತೊಳೆಯನ್ನಾದರೂ ಮಕ್ಕಳ ಕೈಯಲ್ಲಿ ಆ ಮನೆಗೆ ಕಳುಹಿಸಿರಲಿಲ್ಲ.

ಅಂದಿನಿಂದ ಅವರು ಸಂಜೆಗೆ ನಮ್ಮಲ್ಲಿಗೆ ಬರುತ್ತಾರೆ. ಮಕ್ಕಳ ಹೆಸರುಗಳನ್ನು ಕೇಳಿ ಕಲಿತುಕೊಂಡಿದ್ದಾರೆ. ಚಿಕ್ಕವನ ಹೆಸರನ್ನು ಮಾತ್ರ ಇನ್ನೂ ತಪ್ಪಾಗಿ ಹೇಳುತ್ತಾರೆ. ಕ್ರಿಸ್ಮಸ್ಸಿಗೆ ಅವರು ಬಂದರೆ ಮೊದಲು ನಿಮ್ಮ ಮನೆಗೇ ಕಳುಹಿಸುತ್ತೇವೆಂದು ಹೇಳಿದೆವು. ಹಾಗಾದರೆ ಚಕ್ಕುಲಿಗೆ ಅಕ್ಕಿಯನ್ನು ಈಗಲೇ ತೆಗೆದಿಡುತ್ತೇನೆ ಎಂದರು.