ಮೂರನೇ ಸುತ್ತಿನಲ್ಲಿ ಬೆಲೆ ಎಷ್ಟು?

2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್ ಕಂಪನಿಯ ಝೂನ್ ಎಂಬ ಹಾಡು ಕೇಳುವ ಪುಟ್ಟ ಸಾಧನದ 30 ಜಿಬಿ ಮಾದರಿಗಳು ಒಂದೇ ದಿನ ಸಾಲುಸಾಲಾಗಿ ನಿಂತುಹೋದವು. ಯಾವ ಗುಂಡಿ ಒತ್ತಿದರೂ ಅಲುಗಾಟವಿಲ್ಲ. ಬ್ಯಾಟರಿ ಪೂರ್ತಿ ಖಾಲಿಯಾಗಲಿ, ಮರುದಿನ ಚಾರ್ಜ್ ಮಾಡಿ ಎಂಬುದೇ ಕಂಪನಿ ಹೇಳಿದ ಪರಿಹಾರ. ಒಳಗಿನ ಯಾವ ಬಿಡಿಭಾಗವೂ ಕೆಟ್ಟಿರಲಿಲ್ಲ. ಗಡಿಯಾರದ ಪ್ರೋಗ್ರಾಂನಲ್ಲಿದ್ದ ಪುಟ್ಟದೊಂದು ಲೂಪ್ ಅಂದು ಶುರುವಾಯಿತು, ಮುಗಿಯಲೇ ಇಲ್ಲ.

ಪ್ರೋಗ್ರಾಮಿಂಗ್ ಕಲಿಯಲು ಆಗಷ್ಟೇ ಕೂತವರಿಗೂ ಅರ್ಥವಾಗುವಂಥ ಲೂಪ್ ಅದು. 1980ರ ಆರಂಭದಿಂದ ಎಷ್ಟು ದಿನಗಳಾದವು ಎಂಬ ಲೆಕ್ಕ ಸಾಧನದಲ್ಲಿತ್ತು. ಅದರಿಂದ ಇಸವಿ ತಿಳಿಯಬೇಕಿತ್ತು. ದಿನಗಳು 365ಕ್ಕಿಂತ ಹೆಚ್ಚಿರುವ ತನಕ ಸುತ್ತುತ್ತಿರು. ಸಾಮಾನ್ಯ ವರ್ಷವಾದರೆ 365 ಕಳೆದು ಇಸವಿಗೆ ಒಂದು ಕೂಡಿಸು. ಅಧಿಕ ವರ್ಷವಾದರೆ, ದಿನಗಳು 366ಕ್ಕಿಂತ ಹೆಚ್ಚಿದ್ದಾಗ ಮಾತ್ರ 366 ಕಳೆದು ಒಂದು ಕೂಡಿಸು. ಓದುವಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ 2008 ಅಧಿಕ ವರ್ಷ, ಅದರ ಕೊನೆಯ ದಿನ ಲೆಕ್ಕದಲ್ಲಿ ಉಳಿದದ್ದು ಸರಿಯಾಗಿ 366. ಅದು 365ಕ್ಕಿಂತ ಹೆಚ್ಚು, ಹಾಗಾಗಿ ಒಳಗೆ ಬಂತು. 366ಕ್ಕಿಂತ ಹೆಚ್ಚಲ್ಲ, ಹಾಗಾಗಿ ಏನೂ ಕಳೆಯಲಿಲ್ಲ. ಮತ್ತೆ ಮೇಲಕ್ಕೆ ಹೋದರೆ ಅದೇ 366. ಯಾರಾದರೂ ಮೊದಲೇ ಪೆನ್ಸಿಲ್ ಹಿಡಿದು ಆ ಒಂದು ಸಂಖ್ಯೆಯನ್ನು ಎರಡು ಸುತ್ತು ಓಡಿಸಿ ನೋಡಿದ್ದರೆ ತಪ್ಪು ಅಲ್ಲೇ ಸಿಕ್ಕುತ್ತಿತ್ತು.

ಪಿಯುಸಿ, ಡಿಪ್ಲೊಮಾ, ಬಿಸಿಎ ಮಕ್ಕಳು ಲೂಪ್ ಕಲಿಯುವುದನ್ನು ಕಂಡಾಗಲೆಲ್ಲ ನನಗೆ ಆ ಪೆನ್ಸಿಲ್‌ನದೇ ಯೋಚನೆ. ಫಾರ್ ಲೂಪಿನ ಆಕಾರ ಅವರಿಗೆ ಗೊತ್ತು, ಎಲ್ಲಿ ಆವರಣ, ಎಲ್ಲಿ ಸೆಮಿಕೋಲನ್ ಎಂಬುದೂ ಗೊತ್ತು. ಲ್ಯಾಬ್ ರೆಕಾರ್ಡ್ ಅಂದವಾಗಿ ತುಂಬಿರುತ್ತದೆ. ಪರೀಕ್ಷೆಗೆ ಬರುವ ಪ್ರೋಗ್ರಾಂಗಳು ಬಾಯಿಪಾಠವಾಗಿರುತ್ತವೆ. 7ರ ಮಗ್ಗಿ ಅಚ್ಚಾಗುತ್ತದೆ. ಅದೇ ಮಗ್ಗಿಯನ್ನು ಹಿಂದುಮುಂದಾಗಿ, 70ರಿಂದ 7ಕ್ಕೆ ಇಳಿಸಿ ತೋರಿಸು ಎಂದರೆ ಬುದ್ಧಿವಂತ ಮಕ್ಕಳ ಕೈಯೂ ನಿಲ್ಲುತ್ತದೆ. ಇದಕ್ಕೆ ಮಕ್ಕಳನ್ನು ದೂರಲು ನನಗೆ ಮನಸ್ಸು ಬಾರದು. ಲೂಪ್ ಬರೆಯುವುದನ್ನು ಅವರಿಗೆ ಹೇಳಿಕೊಟ್ಟವರುಂಟು, ಅದರ ಜೊತೆ ಸುತ್ತು ಸುತ್ತಾಗಿ ನಡೆದು ನೋಡುವುದನ್ನು ಹೇಳಿಕೊಟ್ಟವರು ಕಡಿಮೆ.

ಲೂಪ್ ಎಂದರೆ ಮಾಡಿದ್ದನ್ನೇ ಮತ್ತೆ ಮಾಡುವುದು ಎಂದು ಪಾಠ ಶುರುವಾಗುತ್ತದೆ. ಅರ್ಧ ನಿಜ. 1967ರಲ್ಲಿ ಸೇಮೂರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ರೂಪಿಸಿದ ಲೋಗೋ ಭಾಷೆ ನಮ್ಮ ಎಷ್ಟೋ ಶಾಲೆಗಳ ಕಂಪ್ಯೂಟರ್ ಪುಸ್ತಕಗಳಲ್ಲಿ ಬಂದಿದೆ. ತೆರೆಯ ಮೇಲೊಂದು ಆಮೆ. ನೂರು ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ. ಇದನ್ನು ನಾಲ್ಕು ಸಲ ಮಾಡು ಎಂದರೆ ಚೌಕ. ಒಂದು ಹೆಜ್ಜೆ ಮುಂದೆ, ಒಂದು ಡಿಗ್ರಿ ಬಲಕ್ಕೆ, 360 ಸಲ ಎಂದರೆ ಕಣ್ಣಿಗೆ ವೃತ್ತ. ಐದನೇ ತರಗತಿಯ ಮಗು ಇದನ್ನು ಕುಣಿಯುತ್ತಾ ಕಲಿಯುತ್ತದೆ, ಏಕೆಂದರೆ ಇಲ್ಲಿ ಮೊದಲ ಸುತ್ತಿನಲ್ಲಿ ಹೇಳಿದ ಸಂಖ್ಯೆಗಳೇ ಕೊನೆಯ ಸುತ್ತಿಗೂ.

ಕಷ್ಟ ಬರುವುದು ಒಂದರಿಂದ ಐದರವರೆಗೆ ಕೂಡಿಸು ಎಂದಾಗ. ಇಲ್ಲಿ ವಾಕ್ಯ ಅದೇ, ಬೆಲೆ ಮಾತ್ರ ಪ್ರತಿ ಸುತ್ತಿಗೂ ಬೇರೆ. ಆ ವಾಕ್ಯವಾದರೂ ಎಂಥದ್ದು: 'ಮೊತ್ತ = ಮೊತ್ತ + ಐ'. ಐ ಎಂದರೆ ಆ ಸುತ್ತಿನಲ್ಲಿ ಕೂಡಿಸಬೇಕಾದ ಸಂಖ್ಯೆ. ಹೈಸ್ಕೂಲಿನಲ್ಲಿ ಬೀಜಗಣಿತ ಕಲಿತು ಬಂದ ಮಗುವಿಗೆ ಇದು ಶುದ್ಧ ಅಸಂಬದ್ಧ. ಎರಡೂ ಕಡೆಯಿಂದ ಮೊತ್ತವನ್ನು ಹೊಡೆದುಹಾಕಿದರೆ ಐ ಸೊನ್ನೆಯಾಗಬೇಕಲ್ಲ ಎಂದು ಕೇಳುವ ಮಗು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದೆ. ಆ ಪ್ರಶ್ನೆಗೆ ನಿಲ್ಲದೆ ಮುಂದೆ ಹೋಗುವುದು ಅನ್ಯಾಯ. ಬಲಗಡೆ ಇರುವುದು ಈಗಿನ ಬೆಲೆ, ಎಡಗಡೆ ಇರುವುದು ಇನ್ನು ಮುಂದೆ ಇಡಬೇಕಾದ ಬೆಲೆ. ಇಲ್ಲಿ ಸಮ ಚಿಹ್ನೆ ಮಾಡುವುದು ಲೆಕ್ಕ ಹಾಕಿ ಇಡುವ ಕೆಲಸ ಎಂದು ಬಾಯಲ್ಲಿ ಹತ್ತು ಸಲ ಹೇಳುವುದಕ್ಕಿಂತ ಒಂದು ಪಟ್ಟಿ ಬರೆಸುವುದು ಮೇಲು. ಪಕ್ಕಪಕ್ಕ ಎರಡು ಕಾಲಂ, ಐ ಮತ್ತು ಮೊತ್ತ. ಶುರುವಿನಲ್ಲಿ ಮೊತ್ತ 0. ಐ 1 ಆದಾಗ ಮೊತ್ತ 1, ಐ 2 ಆದಾಗ 3, ಆಮೇಲೆ 6, 10, 15. ಹಳೆಯ ಮೇಷ್ಟ್ರುಗಳು ಇದನ್ನು ಡ್ರೈ ರನ್ ಎಂದು ಬೋರ್ಡಿನ ಮೇಲೆ ಮಾಡಿಸುತ್ತಿದ್ದರು. 3 ಹೋಗಿ 6 ಬರುವುದನ್ನು ತನ್ನ ಕೈಯಾರೆ ಬರೆದ ಮಗುವಿಗೆ ಆ ವಾಕ್ಯ ಮತ್ತೆಂದೂ ಅಸಂಬದ್ಧವಾಗಿ ಕಾಣದು.

ಗಡಿಗಳ ತಪ್ಪೂ ಈ ಪಟ್ಟಿಯಲ್ಲೇ ಸಿಗುತ್ತದೆ. ಪೈಥಾನ್ ಭಾಷೆಯಲ್ಲಿ ಲೂಪಿನ ಗಡಿಗಳನ್ನು ಹೇಳುವ ರೇಂಜ್‌ಗೆ 1 ಮತ್ತು 5 ಕೊಟ್ಟರೆ ಅದು 4ಕ್ಕೇ ನಿಲ್ಲುತ್ತದೆ, ಉತ್ತರ 15ರ ಬದಲು 10 ಬರುತ್ತದೆ. ಐದನೆಯದೂ ಬೇಕೆಂದರೆ 6 ಎಂದು ಬರೆಯಬೇಕು. ಒಂದು ಹೆಚ್ಚು ಅಥವಾ ಒಂದು ಕಡಿಮೆಯಾಗುವ ಈ ತಪ್ಪು ನುರಿತವರನ್ನೂ ಬಿಟ್ಟಿಲ್ಲ. ಹತ್ತು ಮೀಟರ್ ಬೇಲಿಗೆ ಮೀಟರಿಗೊಂದರಂತೆ ಕಂಬ ನೆಡಲು ಹೊರಟವನಿಗೆ ಬೇಕಾದದ್ದು ಹನ್ನೊಂದು ಕಂಬ ಎಂಬ ಲೆಕ್ಕವೇ ಇದು. ಬೇಲಿ ಹಾಕುವವನಿಗೆ ಕೊನೆಯ ಕಂಬದ ಗುಣಿ ಎದುರಿಗೇ ಖಾಲಿ ಕಾಣುತ್ತದೆ. ಪ್ರೋಗ್ರಾಂ ಬರೆಯುವವರಿಗೆ ಹಾಗೆ ಕಾಣಿಸುವುದು ಪಟ್ಟಿಯ ಕೊನೆಯ ಸಾಲು ಮಾತ್ರ. ಇನ್ನೂ ಸೂಕ್ಷ್ಮವಾದುದೊಂದಿದೆ: ಲೂಪ್ ಮುಗಿದ ಮೇಲೆ ಐ ಎಷ್ಟು? ಪೈಥಾನ್‌ನಲ್ಲಿ 5. ಸಿ ಭಾಷೆಯಲ್ಲಿ, ಐದರವರೆಗೆ ಎಂದು ಬರೆದ ಸಾಮಾನ್ಯ ಫಾರ್ ಲೂಪಿನಿಂದ ಹೊರಬರುವಾಗ 6. ಷರತ್ತು ಸುಳ್ಳಾಗಲು ಅದು ಐದನ್ನು ದಾಟಲೇಬೇಕು. ವೈವಾದಲ್ಲಿ ಕೇಳಬೇಕಾದ ಪ್ರಶ್ನೆ ಇಂಥದ್ದು.

ಪಟ್ಟಿ ಬರೆಯುವುದು ಕಂಪ್ಯೂಟರ್ ಬಾರದವರ ದಾರಿ ಎಂದು ಮೂಗು ಮುರಿಯುವವರಿಗೆ ಏಡಾ ಲವ್‌ಲೇಸ್ ಅವರ ಕೆಲಸ ತೋರಿಸಬೇಕೆನಿಸುತ್ತದೆ. ಚಾರ್ಲ್ಸ್ ಬ್ಯಾಬೇಜ್ ಕಲ್ಪಿಸಿದ ಅನಲಿಟಿಕಲ್ ಎಂಜಿನ್ ಬಗ್ಗೆ ಮೆನಬ್ರೆಯಾ ಎಂಬ ಇಟಲಿಯ ಗಣಿತಜ್ಞ ಫ್ರೆಂಚ್‌ನಲ್ಲಿ ಬರೆದಿದ್ದ ಲೇಖನವನ್ನು ಆಕೆ ಇಂಗ್ಲಿಷಿಗೆ ತಂದರು, ಅದಕ್ಕೆ ಮೂಲಕ್ಕಿಂತ ಉದ್ದವಾದ ಟಿಪ್ಪಣಿಗಳನ್ನು ಸೇರಿಸಿದರು. 1843ರಲ್ಲಿ ಅಚ್ಚಾದ ಆ ಟಿಪ್ಪಣಿಗಳ ಕೊನೆಯದರಲ್ಲಿ ಬರ್ನೂಲಿ ಸಂಖ್ಯೆಗಳನ್ನು ಲೆಕ್ಕ ಹಾಕುವ ದೊಡ್ಡ ಕೋಷ್ಟಕವೊಂದಿದೆ. ಒಂದೊಂದು ಸಾಲಿಗೆ ಒಂದೊಂದು ಕ್ರಿಯೆ, ಒಂದೊಂದು ಕಾಲಂಗೆ ಒಂದೊಂದು ವೇರಿಯಬಲ್. 13ರಿಂದ 23ರವರೆಗಿನ ಕ್ರಿಯೆಗಳು ಮತ್ತೆ ನಡೆಯಬೇಕು ಎಂಬ ಸೂಚನೆಯೂ ಅಲ್ಲೇ ಇದೆ. ಆ ಯಂತ್ರವನ್ನು ಬ್ಯಾಬೇಜ್ ಕಟ್ಟಿ ಮುಗಿಸಲೇ ಇಲ್ಲ. ಓಡಿಸಲು ಯಂತ್ರವಿಲ್ಲದ ಹೆಂಗಸು ಯಾವ ಸುತ್ತಿನಲ್ಲಿ ಯಾವ ಬೆಲೆ ಎಲ್ಲಿ ಕೂರುತ್ತದೆ ಎಂಬುದನ್ನು ಕಾಗದದ ಮೇಲೆ ಕಂಡಿದ್ದರು. ನನ್ನ ಮಟ್ಟಿಗೆ ಲೂಪ್ ಕಲಿಯುವವರು ನೋಡಲೇಬೇಕಾದ ಮೊದಲ ಪುಟ ಅದು.

ಪ್ರಾಯೋಗಿಕ ಪರೀಕ್ಷೆಯಲ್ಲಿ ಔಟ್‌ಪುಟ್‌ಗೆ ಇಡುವ ಅಂಕಗಳಲ್ಲಿ ಕೆಲವನ್ನಾದರೂ ಇಂಥ ಪಟ್ಟಿಗೆ ಇಟ್ಟರೆ ಬಾಯಿಪಾಠದ ಹಟ ತಾನಾಗಿ ಸಡಿಲವಾಗುತ್ತದೆ. ಪ್ರೋಗ್ರಾಂ ಉರು ಹೊಡೆಯಬಹುದು, ಮೇಷ್ಟ್ರು ಆ ಕ್ಷಣಕ್ಕೆ ಕೊಟ್ಟ ಸಂಖ್ಯೆಯ ಪಟ್ಟಿಯನ್ನು ಉರು ಹೊಡೆಯಲಾಗದು. ಇದಕ್ಕೆ ಖರ್ಚೂ ಇಲ್ಲ. ಒಂದು ಕಂಪ್ಯೂಟರ್ ಮುಂದೆ ಮೂವರು ಕೂರುವ ಲ್ಯಾಬ್‌ಗಳಲ್ಲಿ ಒಬ್ಬರ ಕೈಗೆ ಕೀಬೋರ್ಡ್ ಸಿಕ್ಕರೆ ಉಳಿದಿಬ್ಬರು ಸುಮ್ಮನೆ ಕಾಯುತ್ತಾರೆ. ಅವರ ಕೈಗೊಂದು ಹಾಳೆ ಕೊಟ್ಟು, ಎಂಟರ್ ಒತ್ತುವ ಮೊದಲೇ ಉತ್ತರ ಬರೆದಿಡಿ ಎಂದರೆ, ಮೂವರಿಗೂ ಅಂದಿನ ಪಾಠ ನಡೆದಂತೆಯೇ.